ವಿಮಾನಕ್ಕೂ ಅಂಟಿನ ನಂಟು

ಮುರಿದ ಆಟಿಕೆಗೆ ಅಂಟು ಹಾಕಿ ಕೂಡಿಸಿದ್ದೀರಿ ತಾನೇ, ಪುಟಾಣಿಗಳೇ? ಶಬ್ದಕ್ಕಿಂತ ವೇಗವಾಗಿ ಹಾರುವ ಯುದ್ಧವಿಮಾನದಲ್ಲೂ ಅಂಟಿನಿಂದ ಕೂಡಿಸಿದ ಭಾಗಗಳಿವೆ ಎಂದರೆ ಅಜ್ಜ ಹುಬ್ಬೇರಿಸಿಯಾರು. ಅವರು ಕಂಡ ವಿಮಾನಗಳ ಮೈತುಂಬ ರಿವೆಟ್ ಮೊಳೆಗಳ ಸಾಲು. ಆದರೆ ಬೆಂಗಳೂರಿನಲ್ಲಿ ರೂಪುಗೊಂಡು, 2001ರ ಜನವರಿ 4ರಂದು ಮೊದಲ ಸಲ ಹಾರಿದ ‘ತೇಜಸ್’ನ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ 45ರಷ್ಟು ಲೋಹವೇ ಅಲ್ಲ, ಕಾಂಪೋಸಿಟ್.

ಕಾಂಪೋಸಿಟ್ ಅಂದರೆ ಕೂದಲಿಗಿಂತ ಎಷ್ಟೋ ತೆಳುವಾದ ಕಾರ್ಬನ್ ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಹಾಳೆಗಳ ಪದರ. ಬಿದಿರನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡ ಮುರಿಯುವುದು ಕಷ್ಟ. ಈ ಹಾಳೆಯ ಸ್ವಭಾವವೂ ಅದೇ. ಅದಕ್ಕೇ ಒಂದು ಹಾಳೆ ಉದ್ದಕ್ಕೆ, ಒಂದು ಅಡ್ಡಕ್ಕೆ, ಇನ್ನೊಂದು ಓರೆಗೆ ಎಂದು ಪೇರಿಸುತ್ತಾರೆ.

ಕಷ್ಟ ಬರುವುದು ಎರಡು ಭಾಗಗಳನ್ನು ಕೂಡಿಸುವಾಗ. ಅಲ್ಯೂಮಿನಿಯಂ ತಗಡಿಗೆ ತೂತು ಕೊರೆದರೆ ಲೋಹ ತುಸು ಬಾಗಿ, ಹಿಗ್ಗಿ ಭಾರ ಹಂಚಿಕೊಳ್ಳುತ್ತದೆ. ಕಾಂಪೋಸಿಟ್ ಹಾಗೆ ಬಾಗುವುದಿಲ್ಲ. ತೂತು ಕೊರೆದರೆ ಭಾರ ಹೊರುವ ಎಳೆಗಳೇ ಕತ್ತರಿಸಿಹೋಗುತ್ತವೆ, ಚಾಪೆಗೆ ಮೊಳೆ ಹೊಡೆದ ಹಾಗೆ. ಸಾಲದ್ದಕ್ಕೆ, ತೇವ ತಾಗಿದರೆ ಕಾರ್ಬನ್ನಿನ ಸಹವಾಸದಲ್ಲಿ ಅಲ್ಯೂಮಿನಿಯಂ ಮೊಳೆ ತಿಂದುಹೋಗುತ್ತದೆ. ದುಬಾರಿ ಟೈಟಾನಿಯಂ ಮೊಳೆಯೇ ಬೇಕು.

ಹಾಗಾದರೆ ತೂತೇ ಇಲ್ಲದಿದ್ದರೆ? ತೆಳ್ಳನೆಯ ಹೊರಮೈ, ಅದು ಸುಕ್ಕಾಗದಂತೆ ಒಳಗಿನಿಂದ ಹಿಡಿಯುವ ಪಕ್ಕೆಲುಬುಗಳು ಎರಡನ್ನೂ ಹಸಿಯಾಗಿರುವಾಗಲೇ ಕೂಡಿಸಿ ‘ಆಟೋಕ್ಲೇವ್’ ಎಂಬ ದೈತ್ಯ ಕುಕ್ಕರಿನಲ್ಲಿ ಬೇಯಿಸುತ್ತಾರೆ. ಒಳಗೆ ಹೆಚ್ಚುಕಡಿಮೆ 180 ಡಿಗ್ರಿ ಶಾಖ, ಹೊರಗಿನ ಗಾಳಿಯ ಹಲವು ಪಟ್ಟು ಒತ್ತಡ. ಗಂಟೆಗಟ್ಟಲೆ ಬೆಂದು ಹೊರಬಂದಾಗ ಎಲ್ಲ ಸೇರಿ ಒಂದೇ ತುಂಡು. ತೇಜಸ್‌ನ ಬಾಲದ ನೆಟ್ಟನೆಯ ರೆಕ್ಕೆಯನ್ನು ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿದ್ದು ಇಂಥ ವಿಧಾನದಲ್ಲೇ.

ಅಂಟಿಗೂ ಒಂದು ದೌರ್ಬಲ್ಯವಿದೆ. ಮೇಜಿಗೆ ಸೆಲ್ಲೋಟೇಪ್ ಅಂಟಿಸಿ ಉದ್ದಕ್ಕೆ ಎಳೆದು ನೋಡಿ, ಜಗ್ಗುವುದಿಲ್ಲ. ಮೂಲೆ ಎತ್ತಿ, ಸರ್ರನೆ ಕಿತ್ತುಬರುತ್ತದೆ. ವಿಮಾನದ ಕೀಲುಗಳೂ ಬಿಡುವುದು ಅಂಚಿನಿಂದಲೇ. ಆದ್ದರಿಂದ ಅಂಚನ್ನು ದೋಸೆಯಂಚಿನಂತೆ ಕ್ರಮೇಣ ತೆಳುವಾಗಿಸುತ್ತಾರೆ. ಇಷ್ಟಾದರೂ ಅಳುಕಿ ಕೆಲವೆಡೆ ನಾಲ್ಕಾರು ಮೊಳೆ ಹೊಡೆಯುವುದುಂಟು. ಎಂಜಿನಿಯರುಗಳು ತಮಾಷೆಗೆ ಅವನ್ನು ‘ಚಿಕನ್ ರಿವೆಟ್’ ಅನ್ನುತ್ತಾರೆ, ಅಂದರೆ ಪುಕ್ಕಲರ ಮೊಳೆ! ನನಗಂತೂ ಆ ಪುಕ್ಕಲುತನ ಇಷ್ಟ.

ಅಜ್ಜಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುವಂತೆ, ಇಲ್ಲೂ ನಾಣ್ಯದಿಂದ ತಟ್ಟಿ ನೋಡುವ ಪರೀಕ್ಷೆಯಿದೆ. ಪದರ ಬಿಟ್ಟಿದ್ದರೆ ಸದ್ದು ಮಂಕು. ಅಲ್ಟ್ರಾಸೌಂಡ್ ಇನ್ನೂ ಸೂಕ್ಷ್ಮ. ಆದರೂ ಅಂಟು ತಾಗಿದೆ, ಗಟ್ಟಿಯಾಗಿ ಹಿಡಿದಿಲ್ಲ ಎಂಬಂಥ ಜಾಗ ಎರಡರ ಕಣ್ಣನ್ನೂ ತಪ್ಪಿಸಬಲ್ಲದು. ಬೆರಳಿನ ಜಿಡ್ಡೊಂದೇ ಸಾಕು ಅದಕ್ಕೆ. ಹೀಗಾಗಿ ಬೆಂದು ಗಟ್ಟಿಯಾದ ಭಾಗಕ್ಕೆ ಇನ್ನೊಂದನ್ನು ಅಂಟಿಸುವ ಮೊದಲು, ಕೈಗವಸು ತೊಟ್ಟು ಉಜ್ಜಿ, ಒರೆಸಿ, ಮೇಲೆ ಶುದ್ಧ ನೀರು ಹಾಯಿಸುತ್ತಾರೆ. ನೀರು ತೆಳ್ಳಗೆ ಹರಡಿ ನಿಂತರೆ ಸರಿ, ಚೆನ್ನಾಗಿ ಒಣಗಿಸಿ ಮುಂದಿನ ಕೆಲಸ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿತೋ, ಮತ್ತೆ ಮೊದಲಿನಿಂದ ಉಜ್ಜಬೇಕು.