ಗಾಜಿನ ತೊಟ್ಟಿಯಲ್ಲಿ ಸ್ವಯಂವರ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯೊಂದರಲ್ಲಿ, ಇತರರು ಟಿ.ವಿ.ಗೆ ಮೀಸಲಿಡುವ ಗೋಡೆಯ ಬದಿಗೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದು ಪ್ರತಿಷ್ಠಿತವಾಗಿದೆ. ಅತಿಥಿಗಳ ಕುರ್ಚಿಗಳೂ ಅದರತ್ತಲೇ ಮುಖಮಾಡಿವೆ. ಮನೆಯ ಯಜಮಾನರು ನಿವೃತ್ತ ಗಣಿತೋಪಾಧ್ಯಾಯರು. ಬಣ್ಣದ ಮೀನು ಸಾಕುವವರು ಊರಿನಲ್ಲಿ ಅನೇಕರುಂಟು. ಆದರೆ ಸಿಕ್ಲಿಡ್ ಕುಲದ ಮೀನುಗಳನ್ನು ಜೋಡಿಗೂಡಿಸಿ, ಮರಿಗಳನ್ನು ಅವುಗಳ ತಾಯಿತಂದೆಗಳ ಪಾಲನೆಯಲ್ಲಿಯೇ ಬೆಳೆಯಗೊಡಬೇಕೆಂಬ ಹಟವುಳ್ಳವರು ವಿರಳ.

ಅವರ ಮೆಚ್ಚಿನದು ಅಮೆಜಾನ್ ನದೀಪ್ರದೇಶದ ಏಂಜಲ್ ಮೀನು. ಇದರಲ್ಲಿ ಗಂಡು ಹೆಣ್ಣೆಂಬ ಭೇದವು ಹೊರನೋಟಕ್ಕೆ ತಿಳಿಯತಕ್ಕದ್ದಲ್ಲ. ಮೊಟ್ಟೆಯಿಡುವ ಕಾಲ ಸಮೀಪಿಸಿದಾಗ ಉದರದ ಕೆಳಗೆ ಮೂಡುವ ಕಿರುನಾಳವು ಹೆಣ್ಣಿನಲ್ಲಿ ದಪ್ಪವಾಗಿ ಮೊಂಡಾಗಿಯೂ, ಗಂಡಿನಲ್ಲಿ ಸಪುರವಾಗಿ ಚೂಪಾಗಿಯೂ ಇರುವುದೊಂದೇ ನಂಬಲರ್ಹವಾದ ಲಕ್ಷಣ. ಅಂಗಡಿಯಲ್ಲಿ ಜಾತಕ ಕೂಡಿಸುವವರಂತೆ ಎರಡು ಮೀನುಗಳನ್ನಾರಿಸಿ ತಂದರೆ, ಅವು ಪರಸ್ಪರ ರೆಕ್ಕೆ ಹರಿದುಕೊಳ್ಳುವ ಸಂಭವವೇ ಹೆಚ್ಚು. “ಜೋಡಿ ಕೂಡಿಸೋದು ನಮ್ಮ ಕೈಯಾಗಿಲ್ಲಪ್ಪ, ಆರು ಮರಿ ತಂದು ಬಿಡು, ಮಿಕ್ಕಿದ್ದು ಅವೇ ನೋಡ್ಕೊಂತಾವೆ” ಎಂಬುದು ಮೇಷ್ಟ್ರ ಸೂತ್ರ. ಆ ಆರೂ ಒಟ್ಟಿಗೆ ಬೆಳೆದು ಪ್ರಾಯಕ್ಕೆ ಬರುತ್ತಲೇ, ಎರಡು ಮಾತ್ರ ಗುಂಪನ್ನು ತೊರೆದು ಒಂದು ಮೂಲೆಯನ್ನಾಕ್ರಮಿಸಿ, ಸಮೀಪಿಸಿದವರನ್ನೆಲ್ಲ ಅಟ್ಟತೊಡಗಿದರೆ ಸಂಬಂಧ ನಿಶ್ಚಯವಾಯಿತೆಂದು ತಿಳಿದು, ಉಳಿದವನ್ನು ಬೇರೆ ತೊಟ್ಟಿಗೆ ಸಾಗಿಸತಕ್ಕದ್ದು. ಇಷ್ಟಾದರೂ, ಎರಡು ಹೆಣ್ಣುಗಳೇ ಜೊತೆಗೂಡಿ ಎರಡೂ ಮೊಟ್ಟೆಯಿಟ್ಟು, ಅವೆಲ್ಲವೂ ಬೆಳ್ಳಗಾಗಿ ಬೂಷ್ಟು ಹಿಡಿಯುವ ಪ್ರಸಂಗವೂ ಉಂಟು.

ಮೊಟ್ಟೆಯಿಡುವುದಕ್ಕೆಂದು ಮೇಷ್ಟ್ರು ನೀರಿನಲ್ಲಿ ಓರೆಯಾಗಿ ನಿಲ್ಲಿಸಿರುವುದು, ಚೌಕಟ್ಟು ಕಳಚಿದ ಹಳೆಯ ಕಲ್ಲಿನ ಸ್ಲೇಟು. ನಾನು ನೋಡುತ್ತಿದ್ದಂತೆಯೇ ದಂಪತಿಗಳು ಸರದಿಯ ಮೇಲೆ ಅದನ್ನು ಬಾಯಿಂದ ಕಚ್ಚಿ ಕಚ್ಚಿ ಶುಚಿಗೊಳಿಸಿದವು. ಅನಂತರ ಹೆಣ್ಣು ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ಸರಿಯುತ್ತ ಸಾಸಿವೆಗಿಂತ ಕಿರಿದಾದ ಮೊಟ್ಟೆಗಳನ್ನು ಸಾಲಾಗಿ ಅಂಟಿಸಿತು. ಗಂಡು ಅದೇ ಸಾಲಿನ ಮೇಲೆ ಹಿಂಬಾಲಿಸಿತು. ಒಂದು ಸಾಲು ಮಾತ್ರ ಸೊಟ್ಟಗೆ ಹೋದುದನ್ನು ಮೇಷ್ಟ್ರು ಬೆರಳು ಮಾಡಿ ತೋರಿಸಿದರು. ಆ ಬಳಿಕ ಎರಡೂ ಎದೆಯ ರೆಕ್ಕೆಗಳಿಂದ ಮೊಟ್ಟೆಗಳಿಗೆ ಗಾಳಿ ಬೀಸುತ್ತ ಕಾವಲು ನಿಂತವು. 27–28 ಡಿಗ್ರಿ ಉಷ್ಣತೆಯಲ್ಲಿ ಸುಮಾರು 60 ಗಂಟೆಗಳಲ್ಲಿ ಮೊಟ್ಟೆಯೊಡೆಯುತ್ತದೆ. ಮರಿಗಳು ಸ್ವತಂತ್ರವಾಗಿ ಈಜಲು ಮತ್ತೆ ಐದಾರು ದಿನ ಬೇಕು.

ಹೊಸ ಜೋಡಿಗಳು ಮೊದಲ ಒಂದೆರಡು ಸಲ ತಮ್ಮ ಮೊಟ್ಟೆಗಳನ್ನು ತಾವೇ ತಿಂದುಬಿಡುವುದುಂಟು. ವ್ಯಾಪಾರಿಗಳಿಗೆ ಈ ನಷ್ಟ ಸಹ್ಯವಾಗದೆ, ಮೊಟ್ಟೆಗಳನ್ನು ಬೇರ್ಪಡಿಸಿ ಮೆಥಿಲೀನ್ ಬ್ಲೂ ಬೆರೆಸಿದ ನೀರಿನಲ್ಲಿ ಮರಿ ಮಾಡಿಸುತ್ತಾರೆ. ತಲೆಮಾರುಗಳಿಂದ ತಾಯಿತಂದೆಗಳನ್ನು ಕಾಣದೆ ಬೆಳೆದ ಮೀನುಗಳಿಗೆ ಪಾಲನೆ ತಿಳಿಯುವುದಾದರೂ ಹೇಗೆಂದು ಮೇಷ್ಟ್ರು ಕೇಳುತ್ತಾರೆ. ಈ ವಾದಕ್ಕೆ ನಾನೂ ಒಲಿದಿದ್ದೇನೆ.

ಉಳಿದುದೆಲ್ಲ ನೀರಿನ ಚಿಂತೆ. ಬೋರ್‌ವೆಲ್ ನೀರು ಗಡಸು. ತುಂಗಭದ್ರೆಯ ನಲ್ಲಿ ನೀರು ಮೆದುವಾದರೂ ಕ್ಲೋರಿನ್ ಹಾರಿಹೋಗುವತನಕ ಡ್ರಮ್ಮಿನಲ್ಲಿಡಬೇಕು. ಕರೆಂಟು ಹೋದರೆ ಬ್ಯಾಟರಿಯ ಏರ್‌ಪಂಪ್ ಸಿದ್ಧ.

ಹವ್ಯಾಸದ ಪೂರ್ವವೃತ್ತಾಂತವನ್ನು ಅವರಿಂದಲೇ ಕೇಳಬೇಕು. ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಗಾಜು ಕೂರಿಸುತ್ತಿದ್ದ, ಸದಾ ಒಸರುತ್ತಿದ್ದ ತೊಟ್ಟಿಗಳ ಕಾಲವದು. ಮೀನುಗಳು ಮದರಾಸಿನಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತಿದ್ದವು. ಇಂದಿಗೂ ಚೆನ್ನೈನ ಕೊಳತ್ತೂರು ಈ ವ್ಯಾಪಾರದ ದೊಡ್ಡ ನೆಲೆ.

ಸಿಕ್ಲಿಡ್ಡುಗಳೆಲ್ಲ ಪರದೇಶದವೆಂದು ಭಾವಿಸುವವರೇ ಬಹುಮಂದಿ. 1952ರಲ್ಲಿ ಭಾರತಕ್ಕೆ ಬಂದು ಕೆರೆಕೆರೆಗಳನ್ನು ತುಂಬಿರುವ, ನಮ್ಮ ಜನ ಜಿಲೇಬಿ ಎನ್ನುವ ಟಿಲಾಪಿಯಾ ಆಫ್ರಿಕದ್ದೆಂಬುದು ನಿಜ. ತಾಯಿ ತನ್ನ ಬಾಯೊಳಗೇ ಮೊಟ್ಟೆಗಳನ್ನು ಕಾಯುವ ಜಾತಿಯದು. ಆದರೆ ಈ ಕುಲದ ಮೂರು ಜಾತಿಗಳು ನಮ್ಮ ನೆಲದವೇ. ಕೇರಳ ತನ್ನ ರಾಜ್ಯಮೀನೆಂದು ಗೌರವಿಸಿರುವ ಕರಿಮೀನು ಒಂದು. ಅಂಗೈಗೂ ಕಿರಿದಾದ ಆರೆಂಜ್ ಕ್ರೋಮೈಡ್ ಇನ್ನೊಂದು; ಇದರ ಮರಿಗಳು ತಾಯಿತಂದೆಗಳ ಮೈಗೆ ಹಾಯುತ್ತ ಅಲ್ಲಿನ ಲೋಳೆಯನ್ನು ತಿನ್ನುತ್ತವೆ. ಮೂರನೆಯದು, ಫ್ರಾನ್ಸಿಸ್ ಡೇ 1877ರಲ್ಲಿ ವರ್ಣಿಸಿದ, ದಕ್ಷಿಣ ಕನ್ನಡದ ನದಿಗಳಿಗೇ ಸೀಮಿತವಾದ ಎಟ್ರೋಪ್ಲಸ್ ಕೆನರೆನ್ಸಿಸ್. ಅಳಿವಿನಂಚಿನ ಪಟ್ಟಿಗೆ ಸೇರಿದ ಅದನ್ನು ಹೊಳೆಯಿಂದ ಹಿಡಿದು ತರುವುದು ಅಪಚಾರವೆಂಬುದರಲ್ಲಿ ಮೇಷ್ಟ್ರಿಗೆ ಸಂದೇಹವಿಲ್ಲ.

ಹಾಗಾಗಿ ಅವರಿಗುಳಿದಿರುವ ಆಸೆ ತೊಟ್ಟಿಯಲ್ಲೇ ಹುಟ್ಟಿದ ಆರು ಆರೆಂಜ್ ಕ್ರೋಮೈಡ್ ಮರಿಗಳದು. ಪೇಟೆಗೆ ಹೋದಾಗಲೆಲ್ಲ ವಿಚಾರಿಸುತ್ತಾರೆ. ಅಂಗಡಿಯ ಹುಡುಗನದು ಒಂದೇ ಉತ್ತರ: “ಅದನ್ನ ಯಾರು ಕೇಳ್ತಾರೆ ಸಾರ್? ಫ್ಲವರ್‌ಹಾರ್ನ್ ಬೇಕಂದ್ರೆ ಹೇಳಿ, ನಾಳೆನೇ ತರಿಸ್ತೀನಿ.”