ಹೊಸಿಲಾಚೆ ಬಿಡಬಾರದ ಚಪ್ಪಲಿ

ಸಕ್ಕರೆ ಕಾಯಿಲೆಯವರಿಗೆಂದೇ ಮೆತ್ತನೆಯ ಒಳಅಟ್ಟೆ ಹಾಕಿ ಮಾಡಿದ ಚಪ್ಪಲಿಗಳು ಈಗ ದೊಡ್ಡ ಊರುಗಳಲ್ಲೆಲ್ಲ ಸಿಗುತ್ತವೆ. ಪಾದದ ಸ್ಪರ್ಶ ಕುಂದಿದೆ ಎಂದು ಗೊತ್ತಾದೊಡನೆ ವೈದ್ಯರು ಬರೆದುಕೊಡುತ್ತಾರೆ, ಮನೆಯವರು ಕೊಂಡು ತರುತ್ತಾರೆ. ಸಂಜೆಯ ವಾಕಿಂಗ್‌ಗೆ, ಮದುವೆ-ಮುಂಜಿಗೆ ಅದು ಕಾಲಿಗೇರುತ್ತದೆ. ವಾಪಸು ಬಂದಾಗ ಹೊಸಿಲಿನಾಚೆಯೇ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಅವರಲ್ಲಿ ಪಾದ ಮರಗಟ್ಟಿದ ಅನೇಕರು ನಿವೃತ್ತರು, ವಯಸ್ಸಾದವರು, ಮನೆಗೆಲಸ ನೋಡಿಕೊಳ್ಳುವ ಹೆಂಗಸರು. ಅವರ ದಿನದ ಓಡಾಟವೆಲ್ಲ ಬಹುಮಟ್ಟಿಗೆ ಅಡುಗೆಮನೆ, ಬಚ್ಚಲು, ಹಿತ್ತಿಲು, ಪಡಸಾಲೆಗಳ ನಡುವೆಯೇ. ಅಂದರೆ ಕಾಪಾಡಲೆಂದು ತಂದ ಚಪ್ಪಲಿ, ಕಾಪಾಡಬೇಕಾದ ಹೊತ್ತಿನಲ್ಲಿ ಕಾಲಿನಲ್ಲೇ ಇರುವುದಿಲ್ಲ. ಒಳಅಟ್ಟೆಯಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಉತ್ತರ ಅದರ ರಬ್ಬರಿನಲ್ಲಿ ಎಷ್ಟಿದೆಯೋ, ಅದನ್ನು ಎಲ್ಲಿ, ಎಷ್ಟು ಹೊತ್ತು ಮೆಟ್ಟುತ್ತೇವೆ ಎಂಬುದರಲ್ಲೂ ಅಷ್ಟೇ ಇದೆ.

ಮೊದಲು ಪಾದಕ್ಕೆ ಏನಾಗುತ್ತದೆ ಎಂದು ನೋಡೋಣ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ನರಗಳು ಸೊರಗುತ್ತವೆ. ಅತಿ ಉದ್ದದ ನರಗಳಿಗೆ ಮೊದಲ ಪೆಟ್ಟು. ಹಾಗಾಗಿ ಕಾಲ್ಬೆರಳ ತುದಿಯಲ್ಲಿ ಜೋಮು ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಸ್ಪರ್ಶದ ನರಗಳ ಜೊತೆ ಪಾದದೊಳಗಿನ ಸಣ್ಣ ಸ್ನಾಯುಗಳನ್ನು ಆಡಿಸುವ ನರಗಳೂ ಸೋಲುತ್ತವೆ. ಆಗ ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡು, ಬೆರಳ ಬುಡದ ಮೂಳೆಗಳು ಅಂಗಾಲಿನ ಕಡೆಗೆ ಉಬ್ಬಿ, ಅವುಗಳ ಕೆಳಗಿದ್ದ ಕೊಬ್ಬಿನ ಮೆತ್ತೆ ಮುಂದಕ್ಕೆ ಜರುಗುತ್ತದೆ. ಬೆವರಿನ ನರಗಳು ಸೋತರೆ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಆರೋಗ್ಯವಂತರಿಗೆ ಅಂಗಾಲಿನ ಒಂದು ಜಾಗ ಸವೆದು ನೋಯತೊಡಗಿದರೆ, ಗೊತ್ತಿಲ್ಲದೆಯೇ ಆ ಜಾಗಕ್ಕೆ ಭಾರ ಬೀಳದಂತೆ ನಡೆಯುತ್ತಾರೆ. ಆ ಕುಂಟುನಡಿಗೆಯೇ ಪಾದದ ಮೊದಲ ಔಷಧ. ಮರಗಟ್ಟಿದ ಪಾದಕ್ಕೆ ಆ ಔಷಧವಿಲ್ಲ. ಅದೇ ಜಾಗದ ಮೇಲೆ ಸಾವಿರಾರು ಹೆಜ್ಜೆ ಬೀಳುತ್ತಲೇ ಇರುತ್ತವೆ. ಚರ್ಮ ದಡ್ಡುಗಟ್ಟುತ್ತದೆ, ದಡ್ಡೇ ಒಳಗಿನ ಮಾಂಸವನ್ನು ಒತ್ತುತ್ತದೆ, ಕೊನೆಗೆ ಅದರಡಿ ಹುಣ್ಣಾಗುತ್ತದೆ. ಮುಳ್ಳು ಚುಚ್ಚಿದ್ದು, ಬಿಸಿ ತಗುಲಿದ್ದು ತಿಳಿಯದಿರುವುದು ಒಂದು ಅಪಾಯ. ದಿನದಿನದ ಸಾದಾ ನಡಿಗೆಯೇ ಗಾಯ ಮಾಡುವುದು ಅದಕ್ಕಿಂತ ಕಣ್ಣಿಗೆ ಬೀಳದ ಅಪಾಯ.

ಈ ತಿಳಿವಳಿಕೆ ಬೆಳೆದದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ, ಅದೂ ಇನ್ನೊಂದು ಕಾಯಿಲೆಯ ಆರೈಕೆಯಲ್ಲಿ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಆಗ ಜನ ನಂಬಿದ್ದರು. ಹಾಗಲ್ಲ, ನರ ಸತ್ತು ನೋವು ತಿಳಿಯದೆ, ಮತ್ತೆ ಮತ್ತೆ ಆಗುವ ಗಾಯಗಳಿಂದ ಅಂಗ ಸವೆಯುತ್ತದೆ ಎಂದು ಬ್ರ್ಯಾಂಡ್ ಮತ್ತವರ ಸಂಗಡಿಗರು ತೋರಿಸಿಕೊಟ್ಟರು. ಹಾಗಿದ್ದ ಮೇಲೆ ಔಷಧದಷ್ಟೇ ಚಪ್ಪಲಿಯೂ ಮುಖ್ಯವಾಯಿತು. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೈಕ್ರೋಸೆಲ್ಯುಲರ್ ರಬ್ಬರ್, ಅಂದರೆ ಎಂಸಿಆರ್, ದಕ್ಷಿಣ ಭಾರತದ ಕುಷ್ಠರೋಗ ಆಸ್ಪತ್ರೆಗಳ ಚಪ್ಪಲಿಗಳಲ್ಲಿ ಬಳಕೆಗೆ ಬಂತು. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ಗೆ ಹೋದರು. ಅಲ್ಲಿ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೂ ಇದೇ ಕಾರಣ, ಇದೇ ಪರಿಹಾರ ಎಂಬುದು ಗಟ್ಟಿಯಾಯಿತು. ಇಂದು ನಮ್ಮ ಅಂಗಡಿಗಳಲ್ಲಿ ‘ಡಯಾಬಿಟಿಕ್ ಚಪ್ಪಲಿ’ ಎಂದು ಮಾರುವುದರ ವಂಶಮೂಲ ಇದು.

ಒಳಅಟ್ಟೆ ಮಾಡುವ ಕೆಲಸ ಸರಳ: ಭಾರ ಕಡಿಮೆ ಮಾಡುವುದಿಲ್ಲ, ಹಂಚುತ್ತದೆ. ಕೆಸರುಗದ್ದೆಗೆ ಹಲಗೆ ಹಾಸಿ ನಡೆದರೆ ಕಾಲು ಹೂತುಹೋಗದಂತೆ, ಮೂಳೆ ಉಬ್ಬಿದ ಒಂದೆರಡು ಬಿಂದುಗಳ ಮೇಲೆ ಬೀಳುತ್ತಿದ್ದ ಒತ್ತಡ ಇಡೀ ಅಂಗಾಲಿಗೆ ಹರಡುತ್ತದೆ. ಪಾದದ ಆಕಾರ ಹೆಚ್ಚು ಕೆಟ್ಟಿಲ್ಲದವರಿಗೆ ಎಂಸಿಆರ್‌ನ ಸಮತಟ್ಟಾದ ಒಳಅಟ್ಟೆ ಸಾಕಾಗಬಹುದು. ಬೆರಳು ಮಡಚಿದವರಿಗೆ, ಹಿಂದೆ ಹುಣ್ಣಾಗಿದ್ದವರಿಗೆ, ಬೆರಳು ತೆಗೆಸಿಕೊಂಡವರಿಗೆ ಅವರವರ ಪಾದದ ಅಚ್ಚು ತೆಗೆದು ಮಾಡಿದ್ದೇ ಬೇಕು. ಬಹಳ ಮೆತ್ತಗಿದ್ದರೆ ಒಳ್ಳೆಯದು ಎಂಬುದು ತಪ್ಪು ಲೆಕ್ಕ. ಸ್ಪಂಜಿನಂತಹ ಅಟ್ಟೆ ಒಂದೇ ಹೆಜ್ಜೆಗೆ ಪೂರ್ತಿ ಅಮುಕಿಕೊಂಡು ಮೂಳೆ ಕೆಳಗಿನ ಗಟ್ಟಿ ತಳಕ್ಕೇ ತಾಗುತ್ತದೆ. ಅದರಷ್ಟೇ ಮುಖ್ಯವಾದ ಇನ್ನೊಂದು ಮಾತು: ಒಳಅಟ್ಟೆಯನ್ನು ಬಿಡಿಯಾಗಿ ಕೊಂಡು ಹಳೆಯ ಬಿಗಿ ಶೂ ಒಳಗೆ ತುರುಕಿದರೆ ಪಾದ ಮೇಲಕ್ಕೆದ್ದು ಬೆರಳ ಗಿಣ್ಣುಗಳು ಉಜ್ಜಿಕೊಳ್ಳುತ್ತವೆ, ಅಂಗಾಲಿನ ಹುಣ್ಣು ತಪ್ಪಿಸಲು ಹೋಗಿ ಬೆರಳ ಮೇಲೆ ಹುಣ್ಣು ಬರಿಸಿಕೊಂಡಂತಾಗುತ್ತದೆ. ಒಳಅಟ್ಟೆಗೆ ಜಾಗವಿರುವಷ್ಟು ಆಳ, ಅಗಲವಾದ ಮೂತಿ, ಹಿಮ್ಮಡಿಗೆ ಪಟ್ಟಿ, ಎಳೆದು ಕಟ್ಟಲು ವೆಲ್ಕ್ರೋ ಇವೆಲ್ಲ ಸೇರಿದರೇ ಅದು ರಕ್ಷೆ.

ಇದು ನಿಜಕ್ಕೂ ಹುಣ್ಣು ತಡೆಯುತ್ತದೆಯೇ? ಇಟಲಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂದೆ ಹುಣ್ಣಾಗಿ ವಾಸಿಯಾದವರು ಸಾಮಾನ್ಯ ಶೂ ಹಾಕಿಕೊಂಡಾಗ ಒಂದು ವರ್ಷದಲ್ಲಿ ನೂರಕ್ಕೆ 58 ಮಂದಿಗೆ ಹುಣ್ಣು ಮರಳಿತು; ವಿಶೇಷ ಶೂ ಹಾಕಿಕೊಂಡವರಲ್ಲಿ ಅದು 28. ಚೆನ್ನೈನ ವೈದ್ಯರು 241 ರೋಗಿಗಳನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಾಮೂಲಿ ಚಪ್ಪಲಿಯವರಲ್ಲಿ ನೂರಕ್ಕೆ 33 ಮಂದಿಗೆ ಹೊಸ ಗಾಯಗಳಾದವು, ಎಂಸಿಆರ್ ಮೊದಲಾದ ಒಳಅಟ್ಟೆಗಳವರಲ್ಲಿ 4 ಮಂದಿಗೆ. ಆದರೆ ಎದುರು ಸಾಕ್ಷಿಯನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ 400 ಜನರನ್ನು ಎರಡು ವರ್ಷ ಗಮನಿಸಿದ 2002ರ ಅಧ್ಯಯನದಲ್ಲಿ ವಿಶೇಷ ಶೂಗಳವರಿಗೆ ನೂರಕ್ಕೆ 14–15, ತಮ್ಮದೇ ಶೂಗಳವರಿಗೆ 17 ಹುಣ್ಣು ಮರುಕಳಿಸಿದವು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಹಾಗಾದರೆ ಇದೆಲ್ಲ ವ್ಯಾಪಾರವೇ? ಆ ಅಧ್ಯಯನಕ್ಕೆ ಪಾದದ ಆಕಾರ ತೀರ ಕೆಟ್ಟವರನ್ನು ಸೇರಿಸಿಕೊಂಡಿರಲಿಲ್ಲ, ಅನೇಕರಿಗೆ ಸ್ಪರ್ಶ ಇನ್ನೂ ಉಳಿದಿತ್ತು, ಎಲ್ಲರಿಗೂ ಒಳ್ಳೆಯ ಪಾದ ಆರೈಕೆ ಸಿಗುತ್ತಿತ್ತು. ಅದರಿಂದ ಕಲಿಯಬೇಕಾದದ್ದು ಇಷ್ಟು: ಸಕ್ಕರೆ ಕಾಯಿಲೆಯವರೆಲ್ಲರಿಗೂ ದುಬಾರಿ ಶೂ ಬೇಕಿಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ನೋಡುವ ಸರಳ ಪರೀಕ್ಷೆಯಿದೆ. ಆ ಸ್ಪರ್ಶ ತಿಳಿಯದವರಿಗೆ, ಪಾದದ ಆಕಾರ ಕೆಟ್ಟವರಿಗೆ, ಒಮ್ಮೆ ಹುಣ್ಣಾದವರಿಗೆ ವಿಶೇಷ ಚಪ್ಪಲಿ ಬೇಕು. ಒಮ್ಮೆ ಹುಣ್ಣಾದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ವರ್ಷದೊಳಗೆ ಅದು ಮರುಕಳಿಸುತ್ತದೆ.

ನೆದರ್ಲೆಂಡ್ಸ್‌ನ ವೈದ್ಯರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚರ್ಚೆಯ ಗಂಟನ್ನು ಬಿಡಿಸುತ್ತದೆ. ಅವರು 171 ಜನರಲ್ಲಿ ಕೆಲವರಿಗೆ ಶೂ ಒಳಗಿನ ಒತ್ತಡ ಅಳೆದು, ತಿದ್ದಿ ಕೊಟ್ಟರು. ಉಳಿದವರಿಗೆ ಹಾಗೆ ತಿದ್ದದ ವಿಶೇಷ ಶೂ. ಒಟ್ಟಾರೆ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೆ ನೂರು ಹೆಜ್ಜೆಗಳಲ್ಲಿ ಕನಿಷ್ಠ 80ನ್ನು ಶೂ ಹಾಕಿಕೊಂಡೇ ಇಟ್ಟವರನ್ನು ಮಾತ್ರ ನೋಡಿದಾಗ, ತಿದ್ದಿದ ಶೂಗಳವರಲ್ಲಿ ನೂರಕ್ಕೆ 26 ಮಂದಿಗೆ, ಉಳಿದವರಲ್ಲಿ 48 ಮಂದಿಗೆ ಹುಣ್ಣಾಗಿತ್ತು. ಇದೇ ಗುಂಪಿನ ಇನ್ನೊಂದು ವರದಿ ಹೇಳುವಂತೆ ರೋಗಿಗಳು ಹೊರಗಿದ್ದಾಗ ನೂರಕ್ಕೆ 87 ಹೆಜ್ಜೆಗಳನ್ನು ಆ ಶೂಗಳಲ್ಲಿ ಇಟ್ಟರೆ, ಮನೆಯಲ್ಲಿ 61 ಮಾತ್ರ. ಆದರೆ ಅವರು ಹೆಚ್ಚು ನಡೆದದ್ದು ಮನೆಯಲ್ಲೇ: ಹೊರಗೆ ದಿನಕ್ಕೆ ಸುಮಾರು 2,600 ಹೆಜ್ಜೆ, ಮನೆಯಲ್ಲಿ ಸುಮಾರು 4,000. ಮನೆಯೊಳಗೆ ಶೂ ಹಾಕುವುದು ತಪ್ಪೆಂದು ಎಣಿಸದ ದೇಶದ ಪಾಡೇ ಇದಾದರೆ, ಹೊಸಿಲಿನಲ್ಲೇ ಮೆಟ್ಟು ಬಿಡುವ ನಮ್ಮ ಪಾಡು ಊಹಿಸಿಕೊಳ್ಳಬಹುದು.

ಇಲ್ಲಿ ಏಳುವ ದೊಡ್ಡ ಆಕ್ಷೇಪ ಆಚಾರದ್ದು. ದೇವರ ಕೋಣೆ, ಅಡುಗೆಮನೆಗಳಿರುವ ಕಡೆ ಚಪ್ಪಲಿ ತಿರುಗುವುದೇ? ಆಚಾರ ತಡೆಯುವುದು ಬೀದಿಯ ಕೊಳೆಯನ್ನು. ಹೊರಗೆ ಕಾಲಿಡದ, ತೊಳೆದು ಒಣಗಿಸುವ, ಮನೆಗೆಂದೇ ಇಟ್ಟ ಎರಡನೇ ಜೊತೆಗೆ ಆ ತಕರಾರು ಅನ್ವಯಿಸಬೇಕಿಲ್ಲ. ದೇವರ ಮುಂದೆ ಕೂರುವಷ್ಟು ಹೊತ್ತು ಬಿಟ್ಟು, ಎದ್ದೊಡನೆ ಮೆಟ್ಟಿಕೊಳ್ಳಬಹುದು. ದೇವಸ್ಥಾನ, ಮಸೀದಿಗಳಿಗೆ ಬಿಸಿಲೇರುವ ಮುಂಚೆ ಹೋಗಿ, ದಪ್ಪ ಕಾಲುಚೀಲ ಹಾಕಿ, ನಡಿಗೆ ಕಡಿಮೆ ಮಾಡಿ, ಮನೆಗೆ ಬಂದು ಅಂಗಾಲು ನೋಡಿಕೊಳ್ಳಬೇಕು. ಕಾಲುಚೀಲ ಚಪ್ಪಲಿಗೆ ಬದಲಿಯಲ್ಲ ಎಂಬುದು ನೆನಪಿರಲಿ. ಸುಡುಗಲ್ಲಿನ ಮೇಲೆ ಬರಿಗಾಲ ಪ್ರದಕ್ಷಿಣೆಯಂತೂ ಬೇಡವೇ ಬೇಡ. ‘ನನಗೇನೂ ನೋವಿಲ್ಲವಲ್ಲ’ ಎಂಬುದು ಎರಡನೇ ಆಕ್ಷೇಪ. ನೋವಿಲ್ಲದಿರುವುದೇ ಇಲ್ಲಿ ಕಾಯಿಲೆಯ ಗುರುತು. ಸಕ್ಕರೆ ಹತೋಟಿಗೆ ಬಂದರೆ ಹಾನಿ ನಿಧಾನವಾಗುತ್ತದೆ, ಆದರೆ ಹೋದ ಸ್ಪರ್ಶ ಸಾಮಾನ್ಯವಾಗಿ ಮರಳದು. ಮೂರನೆಯದು ಖರ್ಚು. ಸಾದಾ ಎಂಸಿಆರ್ ಚಪ್ಪಲಿ ಹೆಸರಾಂತ ಕಂಪನಿಯ ಶೂಗಳಷ್ಟು ದುಬಾರಿಯಲ್ಲ, ಹುಣ್ಣಿನ ಚಿಕಿತ್ಸೆಯ ಮುಂದಂತೂ ಅದು ಖರ್ಚೇ ಅಲ್ಲ. ಹಣ ಹಾಕಬಾರದ್ದು ಮುಳ್ಳುಮುಳ್ಳಾದ ಆಕ್ಯುಪ್ರೆಷರ್ ಚಪ್ಪಲಿಗಳಿಗೆ. ಜೋಮು ಹೋಗಲೆಂದು ಅವನ್ನು ಮೆಟ್ಟುವವರು, ಒತ್ತಡ ಹಂಚಬೇಕಾದ ಪಾದಕ್ಕೆ ಹತ್ತಾರು ಬಿಂದುಗಳಲ್ಲಿ ಒತ್ತಡ ಚುಚ್ಚಿಕೊಳ್ಳುತ್ತಾರೆ.

ಆದ್ದರಿಂದ ವೈದ್ಯರು ಚೀಟಿಯಲ್ಲಿ ಒಂದರ ಬದಲು ಎರಡು ಜೊತೆ ಬರೆಯಲಿ, ಒಂದು ಹೊರಗಿಗೆ, ಒಂದು ಮನೆಯೊಳಗಿಗೆ. ಕೊಳ್ಳುವವರು ಕಾಗದದ ಮೇಲೆ ಪಾದದ ಗುರುತು ತೆಗೆದು ಚಪ್ಪಲಿಗೆ ಹೋಲಿಸಿ ನೋಡಲಿ. ಮರಗಟ್ಟಿದ ಪಾದಕ್ಕೆ ಬಿಗಿಯಾದದ್ದೇ ಸರಿ ಎನಿಸುವುದರಿಂದ ಕಾಲಿನ ಮಾತು ನಂಬುವಂತಿಲ್ಲ. ಹೊಸದನ್ನು ಮೊದಲ ದಿನ ಸ್ವಲ್ಪ ಹೊತ್ತಷ್ಟೇ ಹಾಕಿ, ಬಿಚ್ಚಿ, ಕೆಂಪಾಗಿದೆಯೇ ಎಂದು ನೋಡಬೇಕು. ಮೆಟ್ಟುವ ಮುನ್ನ ಒಳಗೆ ಕೈಯಾಡಿಸಬೇಕು, ಅಮುಕಿ ಚಪ್ಪಟೆಯಾದ ಒಳಅಟ್ಟೆಯನ್ನು ಬದಲಿಸಬೇಕು, ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲೋ ಮನೆಯವರ ಕಣ್ಣಲ್ಲೋ ಪರೀಕ್ಷಿಸಬೇಕು. ಹುಣ್ಣು ಕಂಡರೆ ಒಳಅಟ್ಟೆಯನ್ನು ನಂಬಿ ನಡೆಯದೆ ಅಂದೇ ವೈದ್ಯರಿಗೆ ತೋರಿಸಿ. ತೆರೆದ ಹುಣ್ಣಿಗೆ ಚಪ್ಪಲಿ ಚಿಕಿತ್ಸೆಯಲ್ಲ. ಮನೆಯಲ್ಲಿ ಪಾದ ಮರಗಟ್ಟಿದ ಹಿರಿಯರಿದ್ದರೆ, ಅವರ ಆ ಎರಡನೇ ಜೊತೆಯನ್ನು ಹಾಸಿಗೆಯ ಪಕ್ಕದಲ್ಲೇ ಇಡಿ. ಎದ್ದ ಮೊದಲ ಹೆಜ್ಜೆಯಿಂದಲೇ ಅದು ಕಾಲಿನಲ್ಲಿರಬೇಕು.