ಹಸಿರು ಕಲ್ಲಿನ ಊರಿನಲ್ಲಿ ಆರು ತಿಂಗಳ ಬಾಡಿಗೆ

ಮೆಕ್ಸಿಕೊ ದೇಶದ ದಕ್ಷಿಣ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು ೧,೫೦೦ ಮೀಟರ್ ಎತ್ತರದ ಒಂದು ಕಣಿವೆಯಲ್ಲಿ ವಹಾಕಾ ಎಂಬ ನಗರವುಂಟು. ೨೦೨೫ರ ಮೇ ತಿಂಗಳ ನಡುವಿನಿಂದ ನವೆಂಬರ್ ಮೊದಲ ವಾರದ ತನಕ ನಾವು ಗಂಡ ಹೆಂಡತಿ ಅಲ್ಲಿ ಬಾಡಿಗೆಗೆ ಇದ್ದೆವು. ಊರು ನೋಡಲು ಹೋದುದಲ್ಲ, ಕೆಲಸ ಹುಡುಕಿಕೊಂಡು ಹೋದುದೂ ಅಲ್ಲ. ಕೆಲಸ ನಮ್ಮ ಕೈಚೀಲದಲ್ಲೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಿಬ್ಬರಿಗೂ ಬೆಂಗಳೂರಿನ ಕಂಪೆನಿಯೊಂದರಲ್ಲಿ ಉದ್ಯೋಗ. ಗಿರಾಕಿಗಳೆಲ್ಲ ಅಮೆರಿಕದವರು. ಅವರಿಗೆ ಹಗಲಾದಾಗ ನಮಗೆ ಇರುಳು. ಏಳು ವರ್ಷ ರಾತ್ರಿ ಪಾಳಿ ಮಾಡಿ, ಹಗಲು ಕಿಟಿಕಿಗೆ ಪರದೆ ಎಳೆದು ಮಲಗಿ, ಒಂದೇ ಮನೆಯಲ್ಲಿದ್ದೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡದಂತಾಗಿತ್ತು. ೨೦೨೦ರ ಕೊರೋನಾ ಕಾಲದಲ್ಲಿ ಕಚೇರಿಗೆ ಹೋಗದೆಯೂ ಕೆಲಸ ನಡೆಯುತ್ತದೆಂದು ಸಾಬೀತಾಯಿತಷ್ಟೆ. ಹಾಗಾದರೆ ಅಮೆರಿಕದ ಹಗಲು ಎಲ್ಲಿದೆಯೋ ಅಲ್ಲಿಗೇ ಹೋಗಿ ಕೂತರೇನು ಎಂಬ ಯೋಚನೆ ಬಂತು. ಅಮೆರಿಕದ ವೀಸಾ ಇದ್ದ ಭಾರತೀಯರು ಮೆಕ್ಸಿಕೊ ಪ್ರವೇಶಿಸಲು ಬೇರೆ ವೀಸಾ ಬೇಕಾಗಿಲ್ಲ. ಹೆಚ್ಚೆಂದರೆ ೧೮೦ ದಿನ ಇರಬಹುದು. ಎಷ್ಟು ದಿನವೆಂಬುದು ನಿಲ್ದಾಣದ ಅಧಿಕಾರಿಯ ಮರ್ಜಿ. ಆ ದೇಶದೊಳಗೆ ಸಂಬಳದ ಕೆಲಸ ಹಿಡಿಯಕೂಡದು. ಇನ್ನೂ ಹೆಚ್ಚು ಕಾಲ ಇರಬೇಕಾದರೆ ವರಮಾನದ ದಾಖಲೆ ತೋರಿಸಿ ತಾತ್ಕಾಲಿಕ ನಿವಾಸದ ಪರವಾನಿಗೆ ಪಡೆಯಬೇಕು. ಮೆಕ್ಸಿಕೊದವರು ಗಡಿಯಾರವನ್ನು ವರ್ಷಕ್ಕೆರಡು ಬಾರಿ ಹಿಂದುಮುಂದು ಮಾಡುವ ಪದ್ಧತಿಯನ್ನು ೨೦೨೨ರಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಕೈಬಿಟ್ಟರು. ಹಾಗಾಗಿ ವಹಾಕಾಕ್ಕೂ ನಮಗೂ ಯಾವಾಗಲೂ ಹನ್ನೊಂದೂವರೆ ಗಂಟೆಯ ಅಂತರ. ಬೆಳಿಗ್ಗೆ ಎಂಟಕ್ಕೆ ಅಮ್ಮನಿಗೆ ಫೋನು ಮಾಡಿದರೆ ಅವರು ಸಂಜೆಯ ದೀಪ ಹಚ್ಚಿ, ಊಟಕ್ಕೇನು ಮಾಡುವುದೆಂದು ಯೋಚಿಸುತ್ತಿರುವ ಹೊತ್ತು.

ಹಳೆಯ ಮನೆಯ ದಪ್ಪ ಗೋಡೆ

ಸ್ಪ್ಯಾನಿಷರು ಹದಿನಾರನೆಯ ಶತಮಾನದಲ್ಲಿ ಚೌಕ ಚೌಕವಾಗಿ ಗೆರೆ ಎಳೆದು ಕಟ್ಟಿದ ಊರು ಇದು. ಆ ಕಣಿವೆಯ ಕಲ್ಲಿಗೆ ತೆಳು ಹಸಿರು ಬಣ್ಣ. ಮಳೆ ಬಿದ್ದು ಒದ್ದೆಯಾದಾಗ ಇಗರ್ಜಿಯ ಗೋಡೆಗಳೆಲ್ಲ ಪಾಚಿ ಹಿಡಿದಂತೆ ಕಾಣುತ್ತವೆ. ಭೂಕಂಪದ ನಾಡಾದುದರಿಂದ ಕಟ್ಟಡಗಳು ಗಿಡ್ಡ, ಗೋಡೆಗಳು ದಪ್ಪ. ಈ ವೈಭವಕ್ಕೆಲ್ಲ ಹಣ ಒದಗಿಸಿದ್ದರಲ್ಲಿ ಒಂದು ಹುಳುವಿನ ಪಾಲು ದೊಡ್ಡದು. ನಾವು ಪಾಪಾಸುಕಳ್ಳಿ ಎನ್ನುವ ಗಿಡದ ಮೇಲೆ ಬೆಳೆಯುವ ಕೊಚಿನೀಲ್ ಹುಳುವನ್ನು ಒಣಗಿಸಿ ಅರೆದರೆ ಗಾಢ ಕೆಂಪು ಬಣ್ಣ ಬರುತ್ತದೆ. ಯುರೋಪಿನ ಶ್ರೀಮಂತರ ಉಡುಪಿಗೆ ಆ ಬಣ್ಣ ಹೋಗುತ್ತಿತ್ತು. ಹುಳು ಹೆಕ್ಕಿದವರು ಅಲ್ಲಿನ ಮೂಲನಿವಾಸಿಗಳು. ಮಹಲು ಎದ್ದುದು ಬೇರೆಯವರದು.

ನಾವು ಇದ್ದುದು ಹಲಾತ್ಲಾಕೊ ಎಂಬ ಕೇರಿಯಲ್ಲಿ. ಹಿಂದೆ ಚರ್ಮ ಹದಮಾಡುವವರ ಕೇರಿ. ಈಗ ನೀಲಿ, ಹಳದಿ ಬಣ್ಣ ಬಳಿದ ಬಾಗಿಲುಗಳ ಮುಂದೆ ಪ್ರವಾಸಿಗಳು ಪಟ ತೆಗೆಸಿಕೊಳ್ಳುತ್ತಾರೆ. ನಮ್ಮ ತೊಟ್ಟಿಮನೆಯಂತೆಯೇ ನಡುವೆ ಅಂಗಳ, ಸುತ್ತ ಕೋಣೆಗಳು. ಒಂದು ಬದಿಯಲ್ಲಿ ಮನೆಯೊಡತಿ, ಎಪ್ಪತ್ತು ದಾಟಿದ ವಿಧವೆ. ಇನ್ನೊಂದು ಬದಿಯ ಎರಡು ಕೋಣೆ ನಮಗೆ. ಗೋಡೆ ಎಷ್ಟು ದಪ್ಪವೆಂದರೆ ಮಧ್ಯಾಹ್ನದ ಬಿಸಿಲೂ ಒಳಗೆ ಬಾರದು, ವೈಫೈ ಕೂಡ ಬಾರದು. ಅಂಗಳದ ನಿಂಬೆಗಿಡದ ಕೆಳಗೆ ಮೇಜು ಹಾಕಿದ ಮೇಲೆಯೇ ನಮ್ಮ ಕಚೇರಿ ಸುಸೂತ್ರವಾಗಿ ನಡೆದುದು.

ಸುಸೂತ್ರವಾಗಿ ಎಂದರೆ ಪೂರ್ತಿ ನಿಜವಲ್ಲ. ಗ್ಯಾಸಿನವನ ಧ್ವನಿವರ್ಧಕ, ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಡಬ್ಬಿ ಮಾರುವವನ ಕೂಗು, ಯಾವುದೋ ಸಂತನ ಹಬ್ಬದ ಕದಿನೆ. ಒಮ್ಮೆ ಮುಖ್ಯವಾದ ಮಾತುಕತೆ ನಡೆಯುತ್ತಿದ್ದಾಗ ಮದುವೆಯ ದಿಬ್ಬಣವೊಂದು ಬೀದಿಗೆ ಬಂತು. ಹಿತ್ತಾಳೆಯ ವಾದ್ಯ, ಜತೆಗೆ ಕುಣಿಯುವ ಆಳೆತ್ತರ ಮೀರಿದ ಬೊಂಬೆಗಳು. ಚಿಕಾಗೋದ ಗಿರಾಕಿ ಮಾತು ನಿಲ್ಲಿಸಿ, ಕ್ಯಾಮರಾವನ್ನು ಅತ್ತ ತಿರುಗಿಸಿ ಎಂದರು.

ನೀರಿನದು ದೊಡ್ಡ ಕಥೆ. ನಗರದ ಕೊಳವೆಯಲ್ಲಿ ವಾರಗಟ್ಟಲೆ ನೀರು ಬಾರದಿರುವುದುಂಟು. ಮೇ ತಿಂಗಳೆಂದರೆ ಒಣಗಾಲದ ಕೊನೆ. ನೀರಿನ ಲಾರಿಗೆ ಹೇಳಿ ಕಾಯಬೇಕು. ಹೆಚ್ಚು ಕೊಟ್ಟವರ ಬಾಗಿಲಿಗೆ ಲಾರಿ ಮೊದಲು. ನಾವು ದಿನಕ್ಕೆರಡು ಬಾರಿ ಸ್ನಾನ ಮಾಡುವವರೆಂದು ತಿಳಿದಾಗ ಒಡತಿ ಏನೂ ಅನ್ನಲಿಲ್ಲ. ಮರುದಿನ ನಮ್ಮನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಟಾಂಕಿಯ ಮುಚ್ಚಳ ತೆಗೆದು ತೋರಿಸಿದರು, ಅಷ್ಟೆ.

ಮೇ ತಿಂಗಳಲ್ಲೇ ಅಧ್ಯಾಪಕರ ಮುಷ್ಕರ ಸುರುವಾಯಿತು. ಮುಖ್ಯ ಚೌಕದಲ್ಲಿ ಡೇರೆ, ರಸ್ತೆಗಳಲ್ಲಿ ತಡೆ. ಹರತಾಳ ಕಂಡವರಿಗೆ ಇದೇನೂ ಹೊಸತಲ್ಲ. ಆದರೆ ಅಲ್ಲಿಯವರು ೨೦೦೬ನ್ನು ಮರೆತಿಲ್ಲ. ಆ ವರ್ಷ ಜೂನ್ ೧೪ರಂದು ಪೊಲೀಸರು ಅಧ್ಯಾಪಕರ ಡೇರೆಗಳ ಮೇಲೆ ಬಿದ್ದುದರಿಂದ ಊರಿಗೆ ಊರೇ ಎದ್ದು, ತಿಂಗಳುಗಟ್ಟಲೆ ನಗರ ಚಳವಳಿಗಾರರ ಕೈಯಲ್ಲಿತ್ತು.

ಸಂತೆಯಲ್ಲಿ ಕೇಳಿದ ಮಾತು

ಕೆಲಸ ಮುಗಿಸಿ ಸಂಜೆ ಸಂತೆಗೆ ಹೋಗುವುದು ನಮ್ಮ ರೂಢಿ. ಮೆಣಸಿನ ರಾಶಿಯ ಮುಂದೆ ನಿಂತರೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ಬ್ಯಾಡಗಿ ಮೆಣಸು, ಟೊಮೆಟೊ, ಪಪ್ಪಾಯ, ಪೇರಳೆ ಇವೆಲ್ಲ ನಮ್ಮವೇ ಎಂದುಕೊಂಡಿರುತ್ತೇವೆ. ಇವೆಲ್ಲ ಹಡಗು ಹತ್ತಿ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದವು. ಮೆಣಸಿನ ತವರಂತೂ ಮೆಕ್ಸಿಕೊವೇ. ಅದಕ್ಕೆ ಮೊದಲು ನಮಗೆ ಖಾರವೆಂದರೆ ಒಳ್ಳೆಮೆಣಸು, ಶುಂಠಿ ಮುಂತಾದವು. ಮೆಕ್ಕೆಜೋಳಕ್ಕೂ ಮೂಲ ಆ ದೇಶ. ನಗರದಿಂದ ಸ್ವಲ್ಪ ದೂರದ ಗಿಲಾ ನಾಕಿತ್ಸ್ ಗುಹೆಯಲ್ಲಿ ಆರು ಸಾವಿರ ವರ್ಷಕ್ಕೂ ಹಳೆಯ ಜೋಳದ ದಿಂಡುಗಳು ಸಿಕ್ಕಿವೆ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ಬಿಡಿಸಿ, ಅರೆದು ರೊಟ್ಟಿ ತಟ್ಟುತ್ತಾರೆ.

ಸಂತೆಯ ಹೆಂಗಸರು ತಮ್ಮತಮ್ಮೊಳಗೆ ಆಡುವುದು ಸ್ಪ್ಯಾನಿಷ್ ಅಲ್ಲ, ಸಪೊತೆಕ್. ಗಿರಾಕಿ ಬಂದೊಡನೆ ಭಾಷೆ ಬದಲಾಗುತ್ತದೆ. ಈ ಬದಲಾವಣೆಯನ್ನು ಗುರುತಿಸಲು ನಮಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಈ ಪತ್ರಿಕೆಯ ವಾಚಕರಿಗೂ ವಿವರಿಸಬೇಕಾಗಿಲ್ಲ. ವಹಾಕಾ ರಾಜ್ಯದಲ್ಲಿ ಸರಕಾರವೇ ಒಪ್ಪಿದ ಹದಿನಾರು ಮೂಲ ಜನಾಂಗಗಳುಂಟು. ಸಪೊತೆಕ್ ಎಂಬುದೂ ಒಂದೇ ಭಾಷೆಯಲ್ಲ. ಬೆಟ್ಟದವರ ಮಾತು ಕಣಿವೆಯವರಿಗೆ ಅರ್ಥವಾಗದು. ಕ್ರಿಸ್ತನಿಗಿಂತ ಸುಮಾರು ೫೦೦ ವರ್ಷ ಮೊದಲೇ ಮೊಂತೆ ಆಲ್ಬಾನ್ ಗುಡ್ಡದ ಮೇಲೆ ಇವರ ಹಿಂದಿನವರು ಕಲ್ಲಿನಲ್ಲಿ ಬರಹ ಕೊರೆದಿದ್ದರು. ಆದರೂ ಪೇಟೆಯವರು ಇದನ್ನು ಭಾಷೆ ಎನ್ನದೆ 'ದಿಯಾಲೆಕ್ತೊ' ಎಂದು ತೇಲಿಸಿ ಹೇಳುವ ವಾಡಿಕೆ ಇನ್ನೂ ಹೋಗಿಲ್ಲ. ೨೦೦೩ರಲ್ಲಿ ಬಂದ ಕಾನೂನು ಈ ಭಾಷೆಗಳೂ ಸ್ಪ್ಯಾನಿಷಿನಂತೆಯೇ ರಾಷ್ಟ್ರಭಾಷೆಗಳೆಂದು ಸಾರಿತು. ಕಾನೂನು ಕಾಗದದ ಮೇಲುಂಟು. ಕಚೇರಿಯ ಕಿಟಿಕಿಯಲ್ಲಿ ನಮಗೆ ಕೇಳಿಸಿದ್ದು ಸ್ಪ್ಯಾನಿಷ್ ಒಂದೇ.

ಊರಿನ ಪೂರ್ಣ ಹೆಸರು ವಹಾಕಾ ದೆ ಹುವಾರೆಸ್. ಬೆನಿತೊ ಹುವಾರೆಸ್ ೧೮೦೬ರಲ್ಲಿ ಗೆಲಾತಾವೊ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದ ಸಪೊತೆಕ್ ತಬ್ಬಲಿ ಹುಡುಗ. ಹನ್ನೆರಡನೆಯ ವಯಸ್ಸಿನಲ್ಲಿ ನಡೆದೇ ಈ ನಗರಕ್ಕೆ ಬಂದಾಗ ಸ್ಪ್ಯಾನಿಷ್ ಸರಿಯಾಗಿ ಬಾರದು. ಅಕ್ಕ ಅಡಿಗೆಗೆ ಇದ್ದ ಮನೆಯಲ್ಲಿ ಆಶ್ರಯ, ಆಮೇಲೆ ಪುಸ್ತಕ ಕಟ್ಟುವವರೊಬ್ಬರ ಮನೆಯಲ್ಲಿ ಕೆಲಸ ಮತ್ತು ಪಾಠ. ಅದೇ ಹುಡುಗ ೧೮೫೮ರಲ್ಲಿ ದೇಶದ ಅಧ್ಯಕ್ಷನಾದ. ಆ ಪುಸ್ತಕ ಕಟ್ಟುವವರ ಮನೆ ಈಗ ವಸ್ತುಸಂಗ್ರಹಾಲಯ. ನಾವು ಎರಡು ಸಲ ನೋಡಿದೆವು. ಹುವಾರೆಸನ ಹೆಸರು ಬೀದಿ ಬೀದಿಗೂ ಉಂಟು. ಅವನು ತಾಯಿಯಿಂದ ಕಲಿತ ಮಾತನ್ನಾಡಲು ಸಂತೆಯ ಹೆಂಗಸರು ಅಕ್ಕಪಕ್ಕ ನೋಡುತ್ತಾರೆ.

ಜುಲೈ ತಿಂಗಳ ಕೊನೆಯ ಎರಡು ಸೋಮವಾರ 'ಗೆಲಾಗೆತ್ಸಾ' ಎಂಬ ದೊಡ್ಡ ನೃತ್ಯೋತ್ಸವ. ಟಿಕೇಟು ದುಬಾರಿ, ನಾವು ಹೋಗಲಿಲ್ಲ. ಆದರೆ ಆ ಶಬ್ದದ ಮೂಲ ಅರ್ಥ ತಿಳಿದಾಗ ಹಿಗ್ಗಾಯಿತು. ನಿಮ್ಮ ಮನೆಯ ಮದುವೆಗೆ ನಾನು ಇಷ್ಟು ಜೋಳ, ಇಷ್ಟು ಕೋಳಿ ಕೊಟ್ಟೆ. ನನ್ನ ಮನೆಯ ಮದುವೆಗೆ ನೀವು ಅಷ್ಟನ್ನು ತರಬೇಕು. ಹಳ್ಳಿಯ ಮನೆಗಳಲ್ಲಿ ಇದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ನಮ್ಮ 'ಮುಯ್ಯಿ' ಬೇರೇನು!

ಬಾಗಿಲ ಚೌಕಟ್ಟಿನ ಗೀಟುಗಳು

ಇನ್ನು ಬಾಡಿಗೆಯ ಮಾತು. ನಾವು ಕೊಡುತ್ತಿದ್ದುದು ತಿಂಗಳಿಗೆ ೧೪,೦೦೦ ಪೆಸೊ. ನಮಗೆ ಭಾರವೆನಿಸಲಿಲ್ಲ. ೨೦೨೫ರಲ್ಲಿ ಆ ದೇಶದ ಬಹುಭಾಗದಲ್ಲಿ ಗೊತ್ತುಮಾಡಿದ ಕನಿಷ್ಠ ದಿನಗೂಲಿ ೨೭೮.೮೦ ಪೆಸೊ. ಮೂವತ್ತೂ ದಿನ ಎಣಿಸಿದರೂ ಎಂಟು ಸಾವಿರದ ಚಿಲ್ಲರೆ. ಹಳೆಯ ನಗರದ ಮನೆಗಳು ೧೯೭೨ರ ಸ್ಮಾರಕ ಕಾನೂನಿನ ರಕ್ಷಣೆಯಲ್ಲಿವೆ. ೧೯೮೭ರಿಂದ ಯುನೆಸ್ಕೊ ಪಟ್ಟಿಯಲ್ಲೂ ಊರಿನ ಹೆಸರುಂಟು. ಹಾಗಾಗಿ ಮನಬಂದಂತೆ ಮಹಡಿ ಏರಿಸುವಂತಿಲ್ಲ. ಇದ್ದಷ್ಟೇ ಮನೆ, ಬರುವವರು ಮಾತ್ರ ಹೆಚ್ಚು. ಡಾಲರಿನಲ್ಲಿ ಸಂಪಾದಿಸುವವನು ಒಬ್ಬ ಒಳಗೆ ಬಂದರೆ ಪೆಸೊದಲ್ಲಿ ಸಂಪಾದಿಸುವವನು ಒಬ್ಬ ಹೊರಗೆ ಹೋಗಬೇಕು. ೨೦೨೪ರ ಜನವರಿಯಲ್ಲಿ ವಹಾಕಾದವರು ಇದರ ವಿರುದ್ಧ ಮೆರವಣಿಗೆ ಮಾಡಿದ್ದರು. ನಾವು ಅಲ್ಲಿದ್ದಾಗಲೇ, ೨೦೨೫ರ ಜುಲೈ ೪ರಂದು, ರಾಜಧಾನಿಯಲ್ಲಿ ಇಂಥದೇ ಮೆರವಣಿಗೆಯಾಗಿ ಅಂಗಡಿಗಳ ಗಾಜು ಒಡೆಯಿತು. ನಾವು ಅಮೆರಿಕದವರಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಸಂತೆಯಲ್ಲಿ ಮಾತ್ರ ನಮ್ಮನ್ನೂ 'ಗುವೆರಾ', ಎಂದರೆ ಬಿಳಿಯಳೇ, ಎಂದೇ ಕರೆಯುತ್ತಿದ್ದರು. ಅದು ಗಿರಾಕಿಯನ್ನು ಓಲೈಸುವ ಮಾತು, ಬಣ್ಣಕ್ಕೆ ಸಂಬಂಧವಿಲ್ಲ. ಆದರೂ ಆ ತಿಂಗಳು ಕಿವಿಗೆ ಬೇರೆಯಾಗಿ ಕೇಳಿಸಿತು.

ನಮ್ಮ ಮಲಗುವ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನ ಗೀಟುಗಳಿದ್ದವು, ಮಕ್ಕಳ ಎತ್ತರ ಗುರುತು ಹಾಕಿದ್ದು. ಪಕ್ಕದಲ್ಲಿ ಇಸವಿ. ಕೊನೆಯದು ೨೦೨೨.

ಬೀದಿಯ ಮೂಲೆಯಲ್ಲಿ ಬೆಳಿಗ್ಗೆ ಒಬ್ಬ ಹೆಂಗಸು ತಮಾಲೆ ಮಾರುತ್ತಿದ್ದಳು. ಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವುದು, ನಮ್ಮ ಎಲೆಗಟ್ಟಿಯ ಹಾಗೆ. (ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವ ರೂಢಿಯೆಂದು ತಿಳಿದದ್ದು ಒಂದು ತಿಂಗಳ ಮೇಲೆ. ಅಷ್ಟರಲ್ಲಿ ರುಚಿ ಹತ್ತಿತ್ತು.) ಎಲ್ಲಿದ್ದೀರಿ ಎಂದು ಒಂದು ದಿನ ಕೇಳಿದಳು. ಹೇಳಿದೆವು. "ನಿಂಬೆಗಿಡ ಇರುವ ಮನೆಯೆ?" ಎಂದಳು. ಹೌದೆಂದೆವು. ಚಿಲ್ಲರೆ ಎಣಿಸಿ ಕೊಟ್ಟು, "ಆ ಗಿಡ ನನ್ನ ಅಮ್ಮ ನೆಟ್ಟದ್ದು" ಎಂದಳು.

ಹನ್ನೊಂದು ವರ್ಷ ಅವರು ಆ ಎರಡು ಕೋಣೆಗಳಲ್ಲಿದ್ದರಂತೆ, ಆರು ಸಾವಿರ ಪೆಸೊ ಬಾಡಿಗೆಗೆ. ಈಗ ಊರ ಹೊರಗಿನ ಗುಡ್ಡದ ಮೇಲೆ ಮನೆ. ಬೆಳಗಿನ ನಾಲ್ಕಕ್ಕೆ ಎದ್ದು ಎರಡು ಬಸ್ಸು ಬದಲಿಸಿ ಬರುತ್ತಾಳೆ. ಗಿರಾಕಿಗಳು ಇಲ್ಲೇ ಇರುವುದಲ್ಲ. ತಾಯಿ ತೀರಿಕೊಂಡದ್ದು ಆ ಕೋಣೆಯಲ್ಲೇ.

ಒಡತಿಯನ್ನು ಕೇಳದೆ ಇರಲಾಗಲಿಲ್ಲ. ಅವರು ಸಿಟ್ಟಾಗಲಿಲ್ಲ. "ಮಕ್ಕಳೇ, ಮಾಡಿನ ತೊಲೆ ಬದಲಿಸಬೇಕಿತ್ತು. ಇಂಥದೇ ಮರ ಬೇಕೆಂದು ಅಧಿಕಾರಿಗಳು ಹೇಳುತ್ತಾರೆ. ನೀರಿನ ಲಾರಿಗೆ ಯಾರು ಕೊಡುತ್ತಾರೆ? ಅವಳ ಮಕ್ಕಳು ನನ್ನನ್ನು ಅಜ್ಜಿ ಎನ್ನುತ್ತಿದ್ದರು. ಹೋಗಿ ಎಂದು ಹೇಳಿದ ಮೇಲೆ ಮೂರು ದಿನ ನಾನು ಉಣ್ಣಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ಹೋದ ಮೇಲೆ ಕೆನಡಾದವರು ಬರುತ್ತಾರೆ, ಹದಿನೇಳು ಸಾವಿರ" ಎಂದರು.

ನವೆಂಬರ್ ಒಂದು, ಎರಡರಂದು ಗತಿಸಿದವರು ಮನೆಗೆ ಬರುತ್ತಾರೆಂದು ಅಲ್ಲಿಯ ನಂಬಿಕೆ. ಮನೆಮನೆಯಲ್ಲೂ ಪೀಠ ಅಲಂಕರಿಸಿ, ಸತ್ತವರ ಪಟ, ಅವರಿಗೆ ಪ್ರಿಯವಾದ ತಿಂಡಿ, ಚೊಕೊಲೇಟು, ನೀರು ಇಡುತ್ತಾರೆ. ನಾವು ಎಡೆ ಇಡುವ ಹಾಗೆಯೇ. ದಾರಿ ತಪ್ಪದಿರಲೆಂದು ಬೀದಿಯಿಂದ ಪೀಠದ ತನಕ ಗೊಂಡೆಹೂವಿನ ಎಸಳು ಉದುರಿಸುತ್ತಾರೆ. ಆ ಹೂವೂ ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು.

ಒಂದನೆಯ ತಾರೀಕು ಸಂಜೆ ತಮಾಲೆಯವಳು ಇಬ್ಬರು ಮಕ್ಕಳ ಜತೆ ಬಾಗಿಲಿಗೆ ಬಂದಳು. ತಾಯಿಗೆ ಗುಡ್ಡದ ಮೇಲಿನ ಮನೆ ಗೊತ್ತಿಲ್ಲ, ಇಲ್ಲಿಗೇ ಬರುತ್ತಾಳೆ, ಆದ್ದರಿಂದ ಹೊಸ್ತಿಲಲ್ಲಿ ಒಂದು ಮೊಂಬತ್ತಿ ಇಡಬಹುದೆ ಎಂದು ಕೇಳಿದಳು. ನಾವು ಒಳಗೆ ಕರೆದೆವು. ಒಡತಿ ಅಡಿಗೆಮನೆಯಿಂದ ಬಂದು ನಿಂತರು; ಇಬ್ಬರೂ ಮಾತನಾಡಲಿಲ್ಲ. ಸಣ್ಣವನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ೨೦೨೨ರ ಗೀಟು ತನ್ನ ಎದೆಯ ಹತ್ತಿರ ಇರುವುದನ್ನು ಅಕ್ಕನಿಗೆ ತೋರಿಸಿದ. ಹೊರಡುವಾಗ ಅವಳು ನಿಂಬೆಗಿಡದ ಬುಡದಿಂದ ಬೀದಿಯವರೆಗೆ, ಅಲ್ಲಿಂದ ಬಸ್ಸು ನಿಲ್ಲುವ ದಿಕ್ಕಿಗೆ, ಚೀಲದಲ್ಲಿ ಇದ್ದಷ್ಟು ಎಸಳು ಉದುರಿಸುತ್ತ ಹೋದಳು.

ಮೂರು ದಿನದ ಮೇಲೆ ನಾವು ಪೆಟ್ಟಿಗೆ ಕಟ್ಟಿದಾಗಲೂ ಒಡತಿ ಅಂಗಳ ಗುಡಿಸಿರಲಿಲ್ಲ.